ಹೊಸ ಆಪ್ ಬಂತು, ಹಳೆ ರಿಜಿಸ್ಟರ್ ಹೋಯ್ತಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಯಾವುದಾದರೂ ನಾಡಕಚೇರಿಗೆ ಹೋಗಿ ನೋಡಿ. ಶಾಲೆ, ಹಾಸ್ಟೆಲ್, ಸ್ಕಾಲರ್‌ಶಿಪ್ ಅಂತ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬೆಳಿಗ್ಗೆಯೇ ಜನ ಪಾಳಿ ಹಚ್ಚಿರುತ್ತಾರೆ. ಒಳಗೆ ಕಂಪ್ಯೂಟರ್ ಮುಂದೆ ಆಪರೇಟರ್. ಸರ್ವರ್ ನಿಂತರೆ ಬೈಗುಳವೆಲ್ಲ ಅವರಿಗೇ. ಸರ್ಕಾರಿ ಕೆಲಸದಲ್ಲಿ ಹೊಸತು ಏನು ಬರಬೇಕು ಅಂತ ಮೊದಲು ಕೇಳಬೇಕಾದದ್ದು ಈ ಆಪರೇಟರನ್ನು, ಊರಿನ ತಲಾಠಿಯನ್ನು, ಅಂದರೆ ಗ್ರಾಮ ಆಡಳಿತ ಅಧಿಕಾರಿಯನ್ನು. ಇದು ನನ್ನ ಗಟ್ಟಿ ಅಭಿಪ್ರಾಯ.

ಭೂಮಿ ಯೋಜನೆ ನೆನಪಿದೆ ಅಲ್ವಾ? ಹೊಲದ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಯೋಜನೆ, 2000ದ ಸುಮಾರಿಗೆ ಬಂತು. ಅದಕ್ಕೆ ಮುಂಚೆ ಉತಾರ, ಅಂದರೆ ಪಹಣಿ, ಬೇಕೆಂದರೆ ತಲಾಠಿ ಎಲ್ಲಿದ್ದಾರೆ ಅಂತ ಹುಡುಕಬೇಕು. ಇವತ್ತು ಬೇರೆ ಊರಿಗೆ ಹೋಗಿದ್ದಾರೆ, ನಾಳೆ ಬಾ. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿಸಿದ ಉತಾರ ಕೈಗೆ ಬಂತು. ಜನ ಕಂಪ್ಯೂಟರನ್ನು ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಸರದಿ. ವಾರಸಾ ಇರಲಿ, ಖರೀದಿ ಇರಲಿ, ವಾಟ್ನಿ ಅಂದರೆ ಪಾಲು ಇರಲಿ, ಹೊಲದ ಹೆಸರು ಬದಲಾಯಿಸಲು ಮೊದಲು ಬಂದ ಅರ್ಜಿಯನ್ನೇ ಮೊದಲು ತೆಗೆಯಬೇಕು ಎಂಬ ನಿಯಮ ಕಂಪ್ಯೂಟರಿನೊಳಗೇ ಸೇರಿಕೊಂಡಿತು. ದೊಡ್ಡವರ ಅರ್ಜಿ ಮೊದಲು, ಗಂಡ ಸತ್ತ ಹೆಣ್ಣುಮಗಳ ಅರ್ಜಿ ಆಮೇಲೆ ಎನ್ನುವುದಕ್ಕೆ ಜಾಗ ಕಡಿಮೆಯಾಯಿತು. ಗುಮಾಸ್ತರಿಗೂ ಇದರಿಂದ ಬಲ ಬಂತು. ಶಿಫಾರಸು ಹಿಡಿದು ಬಂದವರಿಗೆ, "ಪಾಳಿ ಬಿಟ್ಟು ತೆಗೆಯೋಕೆ ಬರೋದಿಲ್ರಿ" ಅನ್ನಬಹುದಾಯಿತು.

2012ರಲ್ಲಿ ಸಕಾಲ ಬಂತು, ಸರ್ಕಾರಿ ಕೆಲಸ ಗೊತ್ತುಪಡಿಸಿದ ದಿನದೊಳಗೆ ಆಗಬೇಕು ಎಂಬ ವ್ಯವಸ್ಥೆ. ಅರ್ಜಿ ಕೊಟ್ಟ ಕೂಡಲೇ ಚೀಟಿ, ಚೀಟಿಯ ಮೇಲೆ ಕೊನೆಯ ದಿನಾಂಕ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ದುಡ್ಡು ದೊಡ್ಡದಲ್ಲ. "ಮತ್ತ ಯಾವಾಗ ಬರ್ಲಿ ಸಾಹೇಬ್ರ?" ಅಂತ ಕೈಮುಗಿದು ನಿಲ್ಲುವುದು ತಪ್ಪಿತಲ್ಲ, ಅದು ದೊಡ್ಡದು.

ಈಗ ಬೆಳೆ ಸಮೀಕ್ಷೆ ನೋಡಿ. ತೊಗರಿ ಹೊಲದಲ್ಲಿ ಮೊಬೈಲ್ ಹಿಡಿದು ನಿಂತವರನ್ನು ನೀವೂ ಕಂಡಿರುತ್ತೀರಿ. ಆ ಸರ್ವೆ ನಂಬರಿನ ಗಡಿಯೊಳಗೆ ನಿಂತೇ ಫೋಟೋ ತೆಗೆಯಬೇಕು. ಅಲ್ಲಿ ತೊಗರಿ ಅಂತ ದಾಖಲಾಗದಿದ್ದರೆ ಮುಂದೆ ಬೆಂಬಲ ಬೆಲೆಗೆ ಮಾರುವಾಗ, ವಿಮೆ ಕೇಳುವಾಗ ರೈತ ಅಲೆಯಬೇಕಾಗುತ್ತದೆ. ಇಂಡಿ, ಸಿಂದಗಿ ಕಡೆ ಹೊಲದಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಅದಕ್ಕೇ ಫೋಟೋ ಫೋನಿನಲ್ಲೇ ಉಳಿಸಿಕೊಂಡು, ನೆಟ್‌ವರ್ಕ್ ಇರುವ ಕಡೆ ಬಂದು ಕಳಿಸುವ ಅನುಕೂಲ ಇಟ್ಟಿದ್ದಾರೆ. ಸಣ್ಣ ಸಂಗತಿ ಅನಿಸಬಹುದು. ಹೊಲದ ಕಷ್ಟ ಗೊತ್ತಿದ್ದವರು ಯಾರೋ ಹೇಳಿರಬೇಕು, ಮಾಡುವವರು ಕೇಳಿಸಿಕೊಂಡಿರಬೇಕು.

ಆದರೆ ಎಲ್ಲ ಕಡೆ ಹೀಗೆ ಕೇಳಿಸಿಕೊಳ್ಳುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ನಮ್ಮ ತಲಾಠಿಗಳು, ಮುಷ್ಕರಕ್ಕೆ ಕೂತರು. ಒಂದರ ಮೇಲೊಂದು ಆಪ್ ಹೇರುತ್ತೀರಿ, ಮೊಬೈಲ್, ಲ್ಯಾಪ್‌ಟಾಪ್, ಕೂರಲು ಸರಿಯಾದ ಕಚೇರಿ ಕೊಡುವುದಿಲ್ಲ ಎಂಬುದು ಅವರ ದೂರು. ನ್ಯಾಯವಾದ ದೂರು. ಆಪ್‌ನಲ್ಲಿ ತುಂಬಿದ್ದನ್ನೇ ಮತ್ತೆ ರಿಜಿಸ್ಟರಿನಲ್ಲಿ ಬರೆ, ಅದನ್ನೇ ಎಕ್ಸೆಲ್ ಮಾಡಿ ಕಳಿಸು, ಮೇಲಿನವರು ಕೇಳಿದರೆ ವಾಟ್ಸಾಪ್‌ನಲ್ಲಿ ಫೋಟೋ ಹಾಕು. ಒಂದು ಕೆಲಸ ನಾಲ್ಕಾಯಿತು. ಹೊರಗೆ ಪಾಳಿಯಲ್ಲಿ ನಿಂತ ರೈತನಿಗೆ ಇದು ಕಾಣುವುದಿಲ್ಲ. ಅವನಿಗೆ ಕಾಣುವುದು ತಲೆ ಎತ್ತದ ತಲಾಠಿ ಮಾತ್ರ. ಇಬ್ಬರಿಗೂ ಸಿಟ್ಟು, ತಪ್ಪು ಇಬ್ಬರದೂ ಅಲ್ಲ.

ಇಲಾಖೆಗಳ ಹಿರಿಯ ಅಧಿಕಾರಿಗಳು ಕೇಳುತ್ತಿದ್ದರೆ ಒಂದು ಮನವಿ. ಹೊಸ ಆಪ್‌ಗೆ ಆದೇಶ ಹೊರಡಿಸುವಾಗ, ಅದು ಶುರುವಾಗುವ ದಿನಾಂಕದ ಜೊತೆಗೆ ಇನ್ನೊಂದು ದಿನಾಂಕವನ್ನೂ ಬರೆಯಿರಿ: ಯಾವ ಹಳೆ ರಿಜಿಸ್ಟರನ್ನು, ಯಾವ ದಿನದಿಂದ ಬರೆಯಬೇಕಾಗಿಲ್ಲ ಎಂದು. ಅದಕ್ಕೂ ಮುಂಚೆ ಒಂದು ದಿನ ನಾಡಕಚೇರಿಗೆ ಬಂದು, ಆಪರೇಟರ್ ಪಕ್ಕದಲ್ಲಿ ಕೂತು ನೋಡಿ. ಜೂನ್‌ನಲ್ಲೇ ಬನ್ನಿ.

ನಮಸ್ಕಾರ.