ಅನಾನಸ್ ಹಣ್ಣಿನ ಕಣ್ಣುಗಳು

ಎಲ್ಲರಿಗೂ ನಮಸ್ಕಾರ. ಅನಾನಸ್ ಹೆಚ್ಚಿದವರಿಗೆ ಗೊತ್ತಿರುತ್ತೆ, ಅದಕ್ಕೆ ಮೈಯೆಲ್ಲಾ ಕಣ್ಣು. ಒಂದನ್ನು ಕಿತ್ತರೆ ಪಕ್ಕದಲ್ಲೇ ಇನ್ನೊಂದು. ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪು ಆಳಿದ ಕಾಲದ ಕಾಂಬೋಡಿಯಾದಲ್ಲಿ ಒಂದು ಮಾತಿತ್ತು: ಅಂಗ್ಕಾರ್‌ಗೆ ಅನಾನಸ್‌ನಷ್ಟು ಕಣ್ಣು. ಅಂಗ್ಕಾರ್ ಅಂದರೆ ಸಂಘಟನೆ ಅಂತ ಅರ್ಥ, ಸರ್ಕಾರವೂ ಅದೇ, ಪೊಲೀಸೂ ಅದೇ. ಆ ಕಣ್ಣುಗಳಲ್ಲಿ ಎಷ್ಟೋ ಮಕ್ಕಳವು. ಅದನ್ನೇ ಇವತ್ತು ಹೇಳೋಣ ಅಂತ ಬಂದೆ.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್‌ನವರು ರಾಜಧಾನಿ ನಾಮ್ ಪೆನ್‌ಗೆ ನುಗ್ಗಿದರು. ಬಂದೂಕು ಹಿಡಿದವರಲ್ಲಿ ಹಳ್ಳಿಯ ಹುಡುಗರೇ ಜಾಸ್ತಿ, ಕೆಲವರಿಗೆ ಇನ್ನೂ ಮೀಸೆ ಮೂಡಿರಲಿಲ್ಲ. 1973ರ ಆಗಸ್ಟ್‌ವರೆಗೆ ಅವರ ಹಳ್ಳಿಗಳ ಮೇಲೆ ಅಮೆರಿಕದ ವಿಮಾನಗಳು ಬಾಂಬ್ ಸುರಿದಿದ್ದವು, ಹಾಗಾಗಿ ಆ ಹುಡುಗರ ಸಿಟ್ಟು ಸುಳ್ಳಲ್ಲ, ಅದಕ್ಕೆ ಕಾರಣವಿತ್ತು. ಅದನ್ನು ಯಾರ ಮೇಲೆ ತೀರಿಸಬೇಕು ಅಂತ ಹೇಳಿಕೊಟ್ಟವರು ಮಾತ್ರ ದೊಡ್ಡವರು. ಬಾಂಬ್ ಬೀಳುತ್ತೆ, ಮೂರೇ ದಿನ, ಆಮೇಲೆ ವಾಪಸ್ ಬರಬಹುದು ಅಂತ ನಂಬಿಸಿ ಸುಮಾರು 20 ಲಕ್ಷ ಜನರನ್ನು ಊರು ಬಿಡಿಸಿದರು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಆಮೇಲೆ ದುಡ್ಡೇ ರದ್ದು, ಶಾಲೆಯೂ ಬಂದ್.

ಇನ್ನು ಊಟ. ಗಂಜಿ ಅಂದ ಕೂಡಲೇ ನಿಮಗೆ ಉಪ್ಪಿನಕಾಯಿ ನೆನಪಾಗಬಹುದು, ಅದಲ್ಲ. ಬಟ್ಟಲು ತುಂಬಾ ನೀರು, ತಳದಲ್ಲಿ ಎಣಿಸುವಷ್ಟು ಅಗಳು. ದಿನವಿಡೀ ಗದ್ದೆಯಲ್ಲಿ ಭತ್ತ ಬೆಳೆಯುವ ಮಗುವಿಗೆ ಸಿಗುತ್ತಿದ್ದದ್ದು ಇಷ್ಟೇ, ಒಂದು ಗೆಣಸು ಕದ್ದರೂ ಅದು ಅಪರಾಧ. ಹಸಿದ ಮಗುವಿಗೆ ಸಿಟ್ಟು ಬರುತ್ತೆ, ಅಲ್ವಾ? ಅಂಥ ಮಗುವನ್ನು ಮನೆಯಿಂದ ಬಿಡಿಸಿ ಮಕ್ಕಳ ಗುಂಪಿಗೆ ಸೇರಿಸುತ್ತಿದ್ದರು. ಸಂಜೆ ಸಭೆ. ನಿನ್ನ ಅಪ್ಪ ಅಮ್ಮ ಅಂದರೆ ಇನ್ನು ಅಂಗ್ಕಾರ್, ನಿನ್ನನ್ನು ಹಸಿವಿಗೆ ತಳ್ಳಿದವರು ಬಚ್ಚಿಟ್ಟುಕೊಂಡಿರುವ ಶತ್ರುಗಳು ಅಂತ ಪಾಠ.

ಅಲ್ಲಿಯ ಮನೆಗಳು ಕಂಬದ ಮೇಲೆ ನಿಂತಿರುತ್ತವೆ, ಕೆಳಗೆ ಖಾಲಿ ಜಾಗ. ರಾತ್ರಿ ಆ ಜಾಗದಲ್ಲಿ ಕೂತು, ಮೇಲೆ ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಾರೆ ಅಂತ ಕಿವಿಗೊಡುವವರಿದ್ದರು. ಛ್ಲೋಪ್ ಅಂತ ಅವರ ಹೆಸರು. ಅವರಲ್ಲಿ ಮಕ್ಕಳೂ ಇದ್ದರು.

ಮುಗ್ಧತೆ ಕಳೆದುಕೊಂಡ ಮಕ್ಕಳು ಅಂತ ಇಂಥವರ ಬಗ್ಗೆ ಸುಲಭವಾಗಿ ಹೇಳಿಬಿಡುತ್ತೇವೆ. ನನಗೇನೋ ಇದು ಉಲ್ಟಾ ಅನಿಸುತ್ತೆ. ದೊಡ್ಡವರು ಭಯಕ್ಕೆ ತಲೆಯಾಡಿಸುತ್ತಿದ್ದರು, ಮಗು ನಿಜಕ್ಕೂ ನಂಬುತ್ತಿತ್ತು. ಮುಗ್ಧವಾಗಿದ್ದದ್ದಕ್ಕೇ ಅದು ಚಾಡಿ ಹೇಳಿತು. ಇದನ್ನು ಚೆನ್ನಾಗಿ ಬಲ್ಲವರೇ ಮೇಲೆ ಕೂತಿದ್ದರು. ಖ್ಮೇರ್ ರೂಜ್‌ನ ನಾಯಕ ಪೋಲ್ ಪಾಟ್ ಹಿಂದೆ ಮೇಷ್ಟ್ರು. ತುವೋಲ್ ಸ್ಲೆಂಗ್ ಸೆರೆಮನೆ ನಡೆಸಿದ ದುಯಿಕ್ ಗಣಿತದ ಮೇಷ್ಟ್ರು. ಆ ಸೆರೆಮನೆಯೂ ಮೊದಲು ಹೈಸ್ಕೂಲೇ, ತರಗತಿಗಳನ್ನೇ ಕೋಣೆ ಮಾಡಿಕೊಂಡಿದ್ದರು.

1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದಾಗ ಆ ಸೆರೆಮನೆಯಲ್ಲಿ ಬದುಕಿ ಉಳಿದಿದ್ದ ಕೆಲವೇ ಮಕ್ಕಳಲ್ಲಿ ಎಂಟೊಂಬತ್ತು ವರ್ಷದ ಒಬ್ಬ ಹುಡುಗ ಇದ್ದ. 2009ರಲ್ಲಿ ದುಯಿಕ್‌ನ ವಿಚಾರಣೆಗೆ ಬಂದು ಸಾಕ್ಷಿ ಹೇಳಿದ. ಕಿಟಕಿಯಲ್ಲಿ ನಿಂತ ಅಮ್ಮನನ್ನು ಕೆಳಗಿನಿಂದ ನೋಡಿದ್ದೇ ಕೊನೆಯಂತೆ. ಕಾವಲುಗಾರರು ಓಡಿಹೋಗುವಾಗ ಅವನು ಅವರ ಜೊತೆ ಹೋಗಲಿಲ್ಲ, ಬಟ್ಟೆಯ ರಾಶಿಯೊಳಗೆ ಅವಿತುಕೊಂಡ. ಅಮ್ಮ ಇನ್ನೂ ಅಲ್ಲೇ ಇದ್ದಾಳೆ ಅಂದುಕೊಂಡಿದ್ದ.