ಯುದ್ಧದ ಪುಸ್ತಕ ತೆರೆದಾಗ ಮೊದಲು ಯಾವ ಪುಟ ನೋಡಬೇಕು?

[ತೆರೆಯಲ್ಲಿ: ಚರ್ಚ್ ಸ್ಟ್ರೀಟ್, ಪುಸ್ತಕದಂಗಡಿಯ ಕಪಾಟು]

ನಮಸ್ಕಾರ. ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಯುದ್ಧದ ಕಪಾಟಿನ ಮುಂದೆ ನಿಂತರೆ ಎರಡನೇ ಮಹಾಯುದ್ಧವೇ ಜಾಸ್ತಿ. ನಡುವೆ ಎಲ್ಲೋ ಒಂದು ದಪ್ಪ ಪುಸ್ತಕ ಸಿಗುತ್ತದೆ, ಅಮೆರಿಕದ ಅಂತರ್ಯುದ್ಧದ್ದು. 1861ರಿಂದ 1865. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಲು ಹೊರಟಾಗ ಶುರುವಾದ ಯುದ್ಧ. ಸೇನೆಗಳ ಬಗ್ಗೆ ಓದಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡೂ ಕಡೆಯ ಕಾಗದಪತ್ರ ಇಷ್ಟೊಂದು, ಅದೂ ಪುಕ್ಕಟೆ ಸಿಗುವ ಹಳೇ ಯುದ್ಧಗಳು ಕಡಿಮೆ.

ಆದರೆ ಇಡೀ ಯುದ್ಧಕ್ಕೆ ಒಂದೇ ಸಲ ಕೈ ಹಾಕಬೇಡಿ. ಉತ್ತರದವರದ್ದು 'ಆರ್ಮಿ ಆಫ್ ದಿ ಟೆನೆಸೀ', ದಕ್ಷಿಣದವರದ್ದು 'ಆರ್ಮಿ ಆಫ್ ಟೆನೆಸೀ'. ತಲೆ ಕೆಡುತ್ತದೆ ಅಲ್ವಾ? ಒಂದೇ ಒಂದು ದಿನ ಹಿಡಿಯಿರಿ. ನಾನು ಹಿಡಿದಿರುವುದು 1863ರ ಜುಲೈ 3. ಉತ್ತರದ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್ ಊರಿನಲ್ಲಿ ನಡೆದ ಕಾಳಗದ ಮೂರನೇ ದಿನ.

[ತೆರೆಯಲ್ಲಿ: ನಕ್ಷೆ. ಎರಡು ದಿಬ್ಬ, ನಡುವೆ ಬಯಲು]

ಮಧ್ಯಾಹ್ನ. ದಕ್ಷಿಣದ ಸೇನಾಪತಿ ಲೀ ಸುಮಾರು 12,500 ಜನರನ್ನು ಎದುರಿನ ದಿಬ್ಬದ ಮೇಲೆ ಕಳಿಸುತ್ತಾನೆ. ಒಂದು ಕಿಲೋಮೀಟರ್‌ಗಿಂತ ಜಾಸ್ತಿ ಬಯಲು, ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್‌ನಿಂದ ಟ್ರಿನಿಟಿವರೆಗೆ ನಡೆದಷ್ಟು, ಹೆಚ್ಚುಕಡಿಮೆ. ಮರೆಗೆ ಏನೂ ಇಲ್ಲ. ಎದುರಿಗೆ ಫಿರಂಗಿ. ದಾರಿ ಮಧ್ಯೆ ರಸ್ತೆ, ಅದರ ಪಕ್ಕ ಗಟ್ಟಿ ಬೇಲಿ, ಹತ್ತಿ ದಾಟಬೇಕು. ಸುಮಾರು ಅರ್ಧದಷ್ಟು ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆ ಸಿಕ್ಕರು. ಆ ದಾಳಿಯಲ್ಲಿ ಪಿಕೆಟ್ ಎಂಬ ಜನರಲ್‌ನ ಡಿವಿಷನ್ನಿನಲ್ಲಿ ಮೂರು ಬ್ರಿಗೇಡ್, ಅಂದರೆ ಮೂರು ತುಕಡಿ ಇದ್ದವು, ಒಂದೊಂದಕ್ಕೆ ಒಬ್ಬ ಮುಖ್ಯಸ್ಥ. ಗಾರ್ನೆಟ್ ಅಲ್ಲೇ ಸತ್ತ. ಆರ್ಮಿಸ್ಟೆಡ್ ಗಾಯಗೊಂಡು ಆಮೇಲೆ ಸತ್ತ. ಕೆಂಪರ್ ತೀವ್ರವಾಗಿ ಗಾಯಗೊಂಡ. ಮೂವರು ಮುಖ್ಯಸ್ಥರಲ್ಲಿ ಒಬ್ಬನೂ ಪೆಟ್ಟಿಲ್ಲದೆ ವಾಪಸ್ ಬರಲಿಲ್ಲ.

ಈಗ ಪಿಕೆಟ್ ವರದಿ ಬರೆಯಬೇಕು. ಬರೆದ, ಕಳಿಸಿದ. ಲೀ ಅದನ್ನು ವಾಪಸ್ ಕಳಿಸಿದ, ಜೊತೆಗೊಂದು ಕಾಗದ. ನೀವು ಕೀರ್ತಿ ಗಳಿಸಿದ್ದೀರಿ, ಆದರೆ ಈ ಹೊತ್ತಿನಲ್ಲಿ ನಮ್ಮೊಳಗೇ ಒಡಕು ಬೇಡ. ಮೂಲವನ್ನೂ ಪ್ರತಿಯನ್ನೂ ನಾಶಮಾಡಿ, ಸತ್ತವರು-ಗಾಯಗೊಂಡವರ ಲೆಕ್ಕ ಮಾತ್ರ ಕೊಡಿ ಅನ್ನುವ ಅರ್ಥದ್ದು. ಆ ವರದಿ ಇವತ್ತಿಗೂ ಸಿಕ್ಕಿಲ್ಲ. ಯಾರನ್ನು ಬೈದಿದ್ದನೋ!

ಆದರೆ ಲೀ ಬರೆದ ಕಾಗದ ಉಳಿಯಿತು. ಅಮೆರಿಕ ಸರ್ಕಾರ 1880ರಿಂದ 1901ರವರೆಗೆ ಎರಡೂ ಸೇನೆಗಳ ವರದಿ, ಆದೇಶ, ಪತ್ರಗಳನ್ನು 'ದಿ ವಾರ್ ಆಫ್ ದಿ ರೆಬೆಲಿಯನ್' ಎಂಬ ಹೆಸರಿನಲ್ಲಿ 128 ಪುಸ್ತಕಗಳಾಗಿ ಅಚ್ಚುಹಾಕಿಸಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸುಮ್ನೆ ಕೂತು ಓದಬಹುದು. ಮೊದಲ ಸರಣಿಯ 27ನೇ ಸಂಪುಟ ಗೆಟ್ಟಿಸ್‌ಬರ್ಗ್‌ನದ್ದು. ಆ ಕಾಗದ ಇರುವುದು ಅದರ ಮೂರನೇ ಭಾಗದಲ್ಲಿ. ಇತಿಹಾಸಕಾರರು ಹೇಳಿದ್ದನ್ನು ನಂಬಿ ಕೂರುವ ಬದಲು ನೀವೇ ಹುಡುಕಿ ನೋಡುವುದಿದೆಯಲ್ಲ, ಅದರ ರುಚಿಯೇ ಬೇರೆ.

[ತೆರೆಯಲ್ಲಿ: ಪುಸ್ತಕದ ಮುದ್ರಣ ವಿವರದ ಪುಟ]

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಯಾವ ವರ್ಷ ಬರೆದದ್ದು ಅಂತ ಹೇಳುವ ಪುಟ. ಅದೇ ಮೊದಲು.

ಯಾಕೆ? ಲೀ 1870ರಲ್ಲಿ ತೀರಿಕೊಂಡ. ಗೆಟ್ಟಿಸ್‌ಬರ್ಗ್ ಸೋಲಿನ ಹೊಣೆ ಅವನ ತಲೆಗೆ ಬರಬಾರದು ಅಂತ ಅವನ ಹಳೇ ಜನರಲ್‌ಗಳು, ಆ ಕಾಳಗದಲ್ಲಿ ಅವನ ಕೈಕೆಳಗೇ ಇದ್ದ ಇನ್ನೊಬ್ಬ ಜನರಲ್ ಲಾಂಗ್‌ಸ್ಟ್ರೀಟ್ ಕಡೆ ಬೆರಳು ತೋರಿಸಿದರು. 1872ರಲ್ಲಿ ಜೂಬಲ್ ಅರ್ಲಿ ಭಾಷಣ ಮಾಡಿದ. ಮರುವರ್ಷ ಪೆಂಡಲ್‌ಟನ್, ಜುಲೈ 2ರ ಬೆಳಗಾಗುತ್ತಲೇ ದಾಳಿ ಮಾಡಲು ಲಾಂಗ್‌ಸ್ಟ್ರೀಟ್‌ಗೆ ಆದೇಶವಿತ್ತು ಅಂದ. ಅಂಥ ಆದೇಶ ನಮಗೆ ಗೊತ್ತೇ ಇಲ್ಲ ಅಂತ ಲೀಯ ಸ್ವಂತ ಸಿಬ್ಬಂದಿಯೇ ಪತ್ರ ಬರೆದರು! ಅಷ್ಟು ಸಿಟ್ಟು ಯಾಕೆ ಅಂದರೆ, ಯುದ್ಧದ ನಂತರ ಲಾಂಗ್‌ಸ್ಟ್ರೀಟ್ ಲಿಂಕನ್ ಪಕ್ಷವನ್ನೇ ಸೇರಿದ್ದ. ದಕ್ಷಿಣದವರ ಕಣ್ಣಿಗೆ ಅದು ದ್ರೋಹ.

ಹಾಗಂತ ಲಾಂಗ್‌ಸ್ಟ್ರೀಟ್ ಬರೆದದ್ದೆಲ್ಲ ನಿಜ ಅನ್ನಬೇಡಿ. ಅವನ ಪುಸ್ತಕ ಬಂದದ್ದು 1896ರಲ್ಲಿ, ಕಾಳಗ ಮುಗಿದು 33 ವರ್ಷವಾದ ಮೇಲೆ. ಅಷ್ಟು ವರ್ಷ ಬೈಸಿಕೊಂಡವನು ತಣ್ಣಗೆ ಬರೆಯುತ್ತಾನಾ? ನನ್ನ ಮಟ್ಟಿಗೆ 1863ರ ವರದಿಗೇ ತೂಕ ಹೆಚ್ಚು. ಅದರಲ್ಲೂ ಮುಚ್ಚಿಟ್ಟದ್ದು ಇರುತ್ತದೆ, ಆದರೆ ಮೂವತ್ತು ವರ್ಷದ ಜಗಳ ಇರುವುದಿಲ್ಲ.

ಶುರುಮಾಡುವವರು 27ನೇ ಸಂಪುಟದ ಎರಡನೇ ಭಾಗದಲ್ಲಿ ಲೀ ವರದಿ ಓದಿ, ಆಮೇಲೆ ಮೊದಲ ಭಾಗದಲ್ಲಿ ಉತ್ತರದ ಸೇನಾಪತಿ ಮೀಡ್‌ನದ್ದು. ಪಕ್ಕದಲ್ಲಿ ನಕ್ಷೆ ಇರಲಿ. ನಕ್ಷೆ ಇಲ್ಲದ ಯುದ್ಧದ ಪುಸ್ತಕಕ್ಕೆ ದುಡ್ಡು ಕೊಡಬೇಡಿ.

ಮುಂದಿನ ವಿಡಿಯೋದಲ್ಲಿ ಉತ್ತರದ ಜನರಲ್ ಸಿಕಲ್ಸ್. ಜುಲೈ 2ರಂದು ಹೇಳದೆ ಕೇಳದೆ ತನ್ನ ಪಡೆಯನ್ನು ಮುಂದಕ್ಕೆ ಒಯ್ದು, ಒಂದು ಕಾಲು ಕಳೆದುಕೊಂಡು, ತಾನು ಮಾಡಿದ್ದೇ ಸರಿ ಅಂತ ಸಾಯುವವರೆಗೂ ವಾದಿಸಿದವನು. ಆ ಕಾಲಿನ ಮೂಳೆ ಇವತ್ತಿಗೂ ಮ್ಯೂಸಿಯಂನಲ್ಲಿದೆ.