ಇಲಿಯ ಪಿತ್ತನಾಳಕ್ಕೆ ಹಾಕಿದ ಗಂಟು ಬಿಚ್ಚಲೂ ಬರಬೇಕು

ನಮಸ್ಕಾರ. ಇವತ್ತಿನ ವಿಷಯ ಪಿತ್ತನಾಳದ, ಅಂದರೆ ಯಕೃತ್ತಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳದ, ತೀವ್ರ ಸೋಂಕು. ಅದಕ್ಕಿಂತ ಜಾಸ್ತಿ, ಈ ಕಾಯಿಲೆಯನ್ನು ಪ್ರಯೋಗಾಲಯದ ಇಲಿಗಳಲ್ಲಿ ತರಿಸಿ ಅಧ್ಯಯನ ಮಾಡುವ ರೀತಿಯ ಬಗ್ಗೆ ನನಗೊಂದು ಮಾತು ಹೇಳಬೇಕಿದೆ.

ಮೊದಲು ಕಾಯಿಲೆ. ಪಿತ್ತಕೋಶದಿಂದ ಜಾರಿದ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಪಿತ್ತರಸ ಹಿಂದೆಯೇ ನಿಂತು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಚಳಿಜ್ವರ, ಕಾಮಾಲೆ, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು. ಈ ಮೂರನ್ನು ಜೊತೆಯಾಗಿ ವಿವರಿಸಿದ್ದು ಫ್ರಾನ್ಸಿನ ವೈದ್ಯ ಶಾರ್ಕೋ, 1877ರಲ್ಲಿ. 1959ರಲ್ಲಿ ವೈದ್ಯರಾದ ರೆನಾಲ್ಡ್ಸ್ ಮತ್ತು ಡಾರ್ಗನ್ ಇನ್ನೆರಡು ಸೇರಿಸಿದರು: ರಕ್ತದೊತ್ತಡ ಕುಸಿಯುವುದು, ಮನಸ್ಸಿಗೆ ಮಂಕು ಕವಿಯುವುದು. ಇಷ್ಟಾದರೆ ಜೀವಕ್ಕೇ ಅಪಾಯ.

ಯಾಕೆ ಹೀಗಾಗುತ್ತದೆ? ಒತ್ತಡ. ನಾಳದೊಳಗಿನ ಒತ್ತಡ ಮಿತಿ ಮೀರಿದಾಗ ಪಿತ್ತರಸದ ಬ್ಯಾಕ್ಟೀರಿಯಾ ಯಕೃತ್ತಿನ ಮೂಲಕ ನೇರ ರಕ್ತಕ್ಕೆ ನುಗ್ಗುತ್ತದೆ. ಅದಕ್ಕೇ ಬರೀ ಆ್ಯಂಟಿಬಯೋಟಿಕ್ ಸಾಕಾಗುವುದಿಲ್ಲ, ನಾಳ ತೆರೆಯಬೇಕು. ಹಾಂಗ್‌ಕಾಂಗ್‌ನ ವೈದ್ಯರು 1992ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ತೀವ್ರ ಸೋಂಕಿನ 82 ರೋಗಿಗಳು. ಹೊಟ್ಟೆ ಕೊಯ್ದು ಆಪರೇಷನ್ ಮಾಡಿದವರಲ್ಲಿ ಶೇ. 32ರಷ್ಟು ಜನ ಆಸ್ಪತ್ರೆಯಲ್ಲೇ ತೀರಿಕೊಂಡರು. ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕೊಳವೆ ಇಳಿಸಿ, ನಾಳ ತೆರೆದವರಲ್ಲಿ ಶೇ. 10. ಎಂಥ ಅಂತರ ಅಲ್ವಾ!

ಈಗ ಇಲಿಯ ವಿಷಯ. ನಾನು ಹೇಳುತ್ತಿರುವುದು ದೊಡ್ಡ ಇಲಿ (ರ‍್ಯಾಟ್), ಚಿಟ್ಟಿಲಿ (ಮೌಸ್) ಅಲ್ಲ. ಈ ಇಲಿಗೆ ಪಿತ್ತಕೋಶವೇ ಇಲ್ಲ, ಹಾಗಾಗಿ ಕಲ್ಲು ಜಾರುವ ಮಾತೇ ಬರುವುದಿಲ್ಲ. ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ನಾಳಕ್ಕೆ ದಾರ ಕಟ್ಟಿ, ಅದರೊಳಗೆ ಇ. ಕೋಲಿ ಬ್ಯಾಕ್ಟೀರಿಯಾವನ್ನು ಸೂಜಿಯಲ್ಲಿ ಬಿಡುತ್ತಾರೆ. ಪ್ರಮಾಣ ಜಾಸ್ತಿಯಾದರೆ ಇಲಿ ಬೇಗನೆ ಸಾಯುತ್ತದೆ, ಏನೂ ಕಲಿಯಲಾಗುವುದಿಲ್ಲ. ಕಡಿಮೆಯಾದರೆ ಅದರ ದೇಹವೇ ಸೋಂಕನ್ನು ತೊಳೆದುಹಾಕುತ್ತದೆ. ಬ್ಯಾಕ್ಟೀರಿಯಾ ಬಿಡದೆ ಸುಮ್ನೆ ದಾರ ಕಟ್ಟಿ ವಾರಗಟ್ಟಲೆ ಬಿಟ್ಟರೆ ಯಕೃತ್ತು ಗಟ್ಟಿಯಾಗುವ ಬೇರೆಯದೇ ಕಾಯಿಲೆ ಬರುತ್ತದೆ.

ನನ್ನ ತಕರಾರು ಇರುವುದು ಆ ಗಂಟಿನ ಮೇಲೆ. ಕಟ್ಟಿದ ಗಂಟನ್ನು ಹಾಗೇ ಬಿಟ್ಟು ಔಷಧ ಪರೀಕ್ಷಿಸಿದರೆ ಏನು ಉಪಯೋಗ? ಆಸ್ಪತ್ರೆಯಲ್ಲಿ ಯಾವ ವೈದ್ಯರೂ ನಾಳವನ್ನು ಮುಚ್ಚಿದಂತೆಯೇ ಬಿಡುವುದಿಲ್ಲವಲ್ಲ. ನಮಗೆ ಗೊತ್ತಾಗಬೇಕಾದದ್ದು ಬೇರೆ. ಎಷ್ಟು ಗಂಟೆಯೊಳಗೆ ತೆರೆದರೆ ಜೀವ ಉಳಿಯುತ್ತದೆ? ತೆರೆದ ಮೇಲೂ ಕಿಡ್ನಿ, ಶ್ವಾಸಕೋಶ ಯಾಕೆ ಸೋಲುತ್ತವೆ? ಇದಕ್ಕೆ ಬಿಚ್ಚಲು ಬರುವ ಗಂಟು ಬೇಕು, ಇಲ್ಲವೇ ಪಿತ್ತರಸ ಹೊರಗೆ ಹರಿಸುವ ಸಣ್ಣ ಕೊಳವೆ ಬೇಕು. ಅಷ್ಟು ಚಿಕ್ಕ ಪ್ರಾಣಿಗೆ ಎರಡನೇ ಆಪರೇಷನ್ ಕಷ್ಟ, ಒಪ್ಪುತ್ತೇನೆ. ಆದರೆ ಸುಲಭ ಅನ್ನುವ ಒಂದೇ ಕಾರಣಕ್ಕೆ ತಪ್ಪು ಪ್ರಶ್ನೆಗೆ ಇಲಿಗಳನ್ನು ಬಲಿ ಕೊಡುವುದು ನನಗೆ ಸಹಿಸಲಾಗುವುದಿಲ್ಲ.

ಇನ್ನೊಂದು ಮಾತು. ಆಸ್ಪತ್ರೆಗೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು, ಪ್ರಯೋಗಕ್ಕೆ ತರುವ ಇಲಿಗಳು ಸಾಮಾನ್ಯವಾಗಿ ಎಳೆಯವು, ಆರೋಗ್ಯವಾಗಿರುವಂಥವು. ಭಾರತದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಆ ಸಮಿತಿಗಳು ಸಹಿ ಹಾಕುವ ಮುಂಚೆ ಕೇಳಲಿ: ಇಲಿಯ ವಯಸ್ಸೆಷ್ಟು, ಗಂಟು ಬಿಚ್ಚುವುದು ಯಾವಾಗ, ಅಲ್ಲಿಯವರೆಗೆ ಅದಕ್ಕೆ ನೋವಿನ ಔಷಧ ಏನು ಕೊಡುತ್ತೀರಿ?